ಕನೆಕ್ಟ್ ಆಗುತ್ತೆ, ಉತ್ತರ ಬರಲ್ಲ: ಆಕ್ಸೆಪ್ಟ್ ಕಾಲ್ ನಿಂತುಹೋದ ಒಂದು ಸರ್ವರಿನ ಪ್ರಕರಣ

ಸಿ ಭಾಷೆಲಿ ಬರೆದ ಒಂದು ಎಚ್‌ಟಿಟಿಪಿ ಸರ್ವರ್. ಲಿನಕ್ಸ್ ಮೇಲೆ ಓಡುತ್ತೆ, ಒಂದೇ ಥ್ರೆಡ್ಡು, ಇಪೋಲ್ (ಯಾವ ಕನೆಕ್ಷನ್ ರೆಡಿ ಇದೆ ಅಂತ ಹೇಳೋ ಲಿನಕ್ಸ್ ಸೌಲಭ್ಯ) ಇಟ್ಕೊಂಡು ಎಲ್ಲಾ ಕನೆಕ್ಷನ್ನೂ ಅದೇ ನೋಡ್ಕೊಳ್ಳುತ್ತೆ. ಮುಂದೆ ಎರಡು ಲೋಡ್ ಬ್ಯಾಲೆನ್ಸರ್ ಇದಾವೆ, ಬರೋ ಕ್ಲೈಂಟ್‌ಗಳನ್ನ ಸರ್ವರ್‌ಗಳಿಗೆ ಹಂಚೋವು. ಹೊಸ ವರ್ಷನ್ ಹಾಕಿದ ಮೇಲೆ ಒಂದು ವಿಚಿತ್ರ ಶುರುವಾಯ್ತು: ಸ್ಟಾರ್ಟ್ ಮಾಡಿ ಸುಮಾರು ಅರ್ಧ ಮುಕ್ಕಾಲು ಗಂಟೆ ಎಲ್ಲಾ ಸರಿ ಇರುತ್ತೆ, ಆಮೇಲೆ ಕ್ಲೈಂಟ್‌ಗಳಿಗೆ ಕನೆಕ್ಟ್ ಆಗುತ್ತೆ ಆದ್ರೆ ಉತ್ತರ ಬರಲ್ಲ, ಸಿಪಿಯು ಒಂದು ಕೋರ್ ಪೂರ್ತಿ 100% ಏರಿ ಕೂತಿರುತ್ತೆ, ಪ್ರೋಸೆಸ್ ಮಾತ್ರ ಸಾಯಲ್ಲ. ಸಾಯಲ್ಲ ಅನ್ನೋದೇ ದೊಡ್ಡ ತಲೆನೋವು, ಯಾಕಂದ್ರೆ ಸತ್ತಿದ್ರೆ ಸರ್ವಿಸ್‌ಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿ ತಾನೇ ಮತ್ತೆ ಎಬ್ಬಿಸ್ತಿತ್ತು.

ಇದನ್ನ ಪೂರ್ತಿ ಬರೆದಿಡೋಣ ಅನ್ಸಿದ್ದಕ್ಕೆ ಕಾರಣ ಇದೆ. ತಪ್ಪಿದ್ದದ್ದು ಕೋಡಲ್ಲಿ ಒಂದು ಸಾಲು, ಆದ್ರೆ ಅದು ಅಷ್ಟು ದಿನ ಕಾಣಿಸದೇ ಇರೋದಕ್ಕೆ ಕಾರಣ ಆ ಸಾಲಲ್ಲ. ಕನೆಕ್ಷನ್ "ಆಯ್ತು" ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಹೇಳೋದಕ್ಕೂ, ನಮ್ಮ ಪ್ರೋಸೆಸ್ ಅದನ್ನ ಕೈಗೆ ತಗೊಳ್ಳೋದಕ್ಕೂ ನಡುವೆ ಒಂದು ಜಾಗ ಇದೆ, ಅಲ್ಲಿ ಏನಾಗ್ತಿದೆ ಅಂತ ಯಾರೂ ನೋಡ್ತಿರಲಿಲ್ಲ.

ಮೊದಲ ದೂರು ಬಂದಾಗ ಎಲ್ಲರೂ ಹೇಳಿದ್ದು ಲೋಡು ಜಾಸ್ತಿ ಆಗಿದೆ ಅಂತ. ಸಹಜ. ಆದ್ರೆ ರೀಸ್ಟಾರ್ಟ್ ಮಾಡಿದ ಹೊತ್ತು ಮತ್ತು ಕೈಕೊಟ್ಟ ಹೊತ್ತು ಎರಡನ್ನೂ ಪಕ್ಕಪಕ್ಕ ಬರೆದು ನೋಡಿದ್ರೆ ಹಗಲಲ್ಲಿ 36, 37 ನಿಮಿಷ, ರಾತ್ರಿ ಯಾರೂ ಇಲ್ಲದ ಹೊತ್ತಲ್ಲಿ 41 ನಿಮಿಷದ ಹತ್ರ. ಟ್ರಾಫಿಕ್ಕು ಹತ್ತಾರು ಪಟ್ಟು ಏರಿಳಿದ್ರೂ ಅವಧಿ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಲೋಡಿಂದ ಬೀಳೋ ಸರ್ವರ್ ಹೀಗೆ ಗಡಿಯಾರ ನೋಡ್ಕೊಂಡು ಬೀಳಲ್ಲ. ಯಾವುದೋ ಒಂದು ಕೆಲಸ ಒಂದೇ ವೇಗದಲ್ಲಿ ನಡೀತಾ ಏನನ್ನೋ ತುಂಬಿಸ್ತಾ ಇದೆ ಅಂತ ಅಲ್ಲೇ ಅನುಮಾನ ಪಡಬೇಕಿತ್ತು.

ಆದ್ರೆ ಲಾಗು ಬೇರೆ ಕಡೆ ಕೈತೋರಿಸ್ತು. ಅದ್ರಲ್ಲಿ ಮೊದಲು ಕಂಡಿದ್ದು ಬ್ಯಾಕೆಂಡಿನ (ಈ ಸರ್ವರಿನ ಹಿಂದಿರೋ ಇನ್ನೊಂದು ಸರ್ವರ್) ಹೆಸರು ರಿಸಾಲ್ವ್ ಆಗ್ತಿಲ್ಲ, ಅಂದ್ರೆ ಆ ಹೆಸರಿಗೆ ಐಪಿ ವಿಳಾಸ ಸಿಗ್ತಿಲ್ಲ, ಅನ್ನೋ ಎರರ್. ಹಾಗಾಗಿ ಡಿಎನ್‌ಎಸ್ ಮೇಲೆ ಅಪವಾದ ಬಂತು, ಆ ಸರ್ವರನ್ನ ಪರೀಕ್ಷೆ ಮಾಡಿದ್ದಾಯ್ತು, ಅಲ್ಲಿ ಏನೂ ಸಿಗ್ಲಿಲ್ಲ, ಸಿಗೋ ಹಾಗೂ ಇರ್ಲಿಲ್ಲ. ಹೆಸರು ಹುಡುಕೋ ಲೈಬ್ರರಿಗೆ ರಿಸಾಲ್ವ್ ಕಾನ್ಫಿಗ್ ಫೈಲು ತೆಗೆಯೋಕೆ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆಗೆದ ಪ್ರತಿ ಫೈಲು, ಸಾಕೆಟ್ಟಿಗೆ ಕರ್ನಲ್ ಕೊಡೋ ನಂಬರು) ಬೇಕು, ಪ್ರಶ್ನೆ ಕಳಿಸೋಕೆ ಒಂದು ಯುಡಿಪಿ ಸಾಕೆಟ್ (ನೆಟ್‌ವರ್ಕ್ ಮಾತುಕತೆಯ ಈ ಕಡೆಯ ತುದಿ) ಬೇಕು, ಅದೂ ಒಂದು ಡಿಸ್ಕ್ರಿಪ್ಟರೇ. ಪ್ರೋಸೆಸ್ ಹತ್ರ ಒಂದೂ ಉಳಿದಿಲ್ಲ ಅಂದ್ರೆ ಮೊದಲು ಕಿರುಚೋದು ಇಂಥವೇ, ನಿಜವಾದ ರೋಗ ಬೇರೆ ಎಲ್ಲೋ ಇರುತ್ತೆ.

ಪ್ರೋಸೆಸ್ ಕರ್ನಲ್ಲಿಗೆ ಮಾಡೋ ಕಾಲ್‌ಗಳನ್ನ ತೋರಿಸೋ ಸ್ಟ್ರೇಸ್ ಹಾಕಿ ನೋಡಿದಾಗ ಚಿತ್ರ ಬಯಲಾಯ್ತು. ಇಪೋಲ್ ವೇಟ್ ಕರೀತಾರೆ, ಲಿಸನಿಂಗ್ ಸಾಕೆಟ್ (ಹೊಸ ಕನೆಕ್ಷನ್‌ಗೆ ಕಾಯೋ ಸಾಕೆಟ್) ರೆಡಿ ಇದೆ ಅಂತ ತಕ್ಷಣ ವಾಪಸ್ ಬರುತ್ತೆ. ಬಂದ ಕನೆಕ್ಷನ್ ಕೈಗೆ ತಗೊಳ್ಳೋಕೆ ಆಕ್ಸೆಪ್ಟ್4 (ಆಕ್ಸೆಪ್ಟಿನ ಇನ್ನೊಂದು ರೂಪ) ಕರೀತಾರೆ, -1 ಬರುತ್ತೆ, ಎರರ್ ಇಎಂಫೈಲ್, ಅಂದ್ರೆ ಈ ಪ್ರೋಸೆಸ್ ತೆಗೆದಿಟ್ಟ ಫೈಲುಗಳು ಮಿತಿ ಮುಟ್ಟಿವೆ. ಮತ್ತೆ ಇಪೋಲ್ ವೇಟ್, ಮತ್ತೆ ಆಕ್ಸೆಪ್ಟ್4, ಮತ್ತೆ ಇಎಂಫೈಲ್, ಸ್ಕ್ರೀನ್ ನಿಲ್ಲೋದೇ ಇಲ್ಲ.

ಯಾಕೆ ಹೀಗೆ ಸುತ್ತುತ್ತೆ ಅಂತ ನಿಧಾನವಾಗಿ ನೋಡೋದು ಒಳ್ಳೇದು. ಸಾಕೆಟ್ ಮಾಡಿ, ಬೈಂಡ್ ಮಾಡಿ, ಲಿಸನ್ ಅಂತ ಕರೆದ ಕ್ಷಣದಿಂದ ಬರೋ ಕನೆಕ್ಷನ್‌ಗಳನ್ನ ಮಾತಾಡ್ಸೋದು ಕರ್ನಲ್, ನಮ್ಮ ಕೋಡಲ್ಲ. ಕ್ಲೈಂಟಿಂದ ಸಿನ್ (ಟಿಸಿಪಿ ಕನೆಕ್ಷನ್ನಿನ ಕೋರಿಕೆ) ಬರುತ್ತೆ, ಕರ್ನಲ್ ಸಿನ್-ಆಕ್ ಕಳ್ಸುತ್ತೆ, ಕ್ಲೈಂಟ್ ಆಕ್ ಕಳ್ಸುತ್ತೆ, ಹ್ಯಾಂಡ್‌ಶೇಕ್ ಮುಗೀತು, ಕನೆಕ್ಷನ್ ಎಸ್ಟ್ಯಾಬ್ಲಿಶ್ ಆಯ್ತು, ಆಕ್ಸೆಪ್ಟ್ ಕ್ಯೂನಲ್ಲಿ ಹೋಗಿ ಕೂತ್ಕೊಳ್ತು. ಇಷ್ಟೂ ನಡೆಯೋಷ್ಟರಲ್ಲಿ ನಮ್ಮ ಪ್ರೋಸೆಸ್ ನಿದ್ದೆ ಮಾಡ್ತಿದ್ರೂ ವ್ಯತ್ಯಾಸ ಆಗಲ್ಲ. ಕ್ಲೈಂಟ್ ಆಗಲೇ ತನ್ನ ರಿಕ್ವೆಸ್ಟ್ ಬರೆದು ಕಳಿಸಬಹುದು, ಅದನ್ನೂ ಕರ್ನಲ್ ಬಫರಲ್ಲಿ ಇಟ್ಕೊಂಡು ಆಕ್ ಕೊಡುತ್ತೆ. ಆಕ್ಸೆಪ್ಟ್ ಮಾಡೋದು ಇಷ್ಟೇ: ಆ ಕ್ಯೂನ ತಲೆಯಲ್ಲಿರೋ ಒಂದು ಕನೆಕ್ಷನ್ನಿಗೆ ಹೊಸ ಡಿಸ್ಕ್ರಿಪ್ಟರ್ ನಂಬರ್ ಕೊಟ್ಟು ಪ್ರೋಸೆಸ್ ಕೈಗೆ ಇಡೋದು. ನಂಬರ್ ಕೊಡೋಕೆ ಜಾಗ ಇಲ್ಲ ಅಂದ್ರೆ ಇಎಂಫೈಲ್ ಬರುತ್ತೆ, ಮತ್ತೆ ಆ ಕನೆಕ್ಷನ್ ಕ್ಯೂನಲ್ಲೇ ಉಳಿಯುತ್ತೆ, ಬಿದ್ದೋಗಲ್ಲ. ಇಪೋಲ್ ಸಾಮಾನ್ಯವಾಗಿ ಲೆವೆಲ್-ಟ್ರಿಗರ್ಡ್, ಅಂದ್ರೆ ಕ್ಯೂ ಖಾಲಿ ಆಗೋವರೆಗೂ "ರೆಡಿ ಇದೆ ರೆಡಿ ಇದೆ" ಅಂತ ಹೇಳ್ತಾನೇ ಇರುತ್ತೆ. ತಗೊಳ್ಳೋಕಾಗಲ್ಲ, ಬಿಡೋಕೂ ಆಗಲ್ಲ, ಹಾಗಾಗಿ ಲೂಪು ಉರೀತಾ ಇರುತ್ತೆ.

ಈ ಸರ್ವರಿನ ಕೋಡು ಆಕ್ಸೆಪ್ಟ್ ವಿಫಲವಾದ್ರೆ ಇಎಗೇನ್ (ಈಗ ಯಾರೂ ಕಾಯ್ತಿಲ್ಲ, ಆಮೇಲೆ ಬಾ ಅನ್ನೋ ಎರರ್) ಬಿಟ್ಟು ಉಳಿದೆಲ್ಲದಕ್ಕೂ ಒಂದು ಸಾಲು ಲಾಗ್ ಬರೆದು ಮುಂದುವರೀತಿತ್ತು. ಸೆಕೆಂಡಿಗೆ ಎಷ್ಟು ಸಲ ಸುತ್ತುತ್ತೋ ಅಷ್ಟು ಸಾಲು. ಡಿಸ್ಕ್ ತುಂಬೋ ಅಪಾಯ ಬೇರೆ, ಅದರ ಜೊತೆಗೆ ಲಾಗ್ ರೊಟೇಟ್ ಆಗೋವಾಗ ಹೊಸ ಫೈಲ್ ತೆಗೆಯೋಕೂ ಡಿಸ್ಕ್ರಿಪ್ಟರ್ ಬೇಕಲ್ಲ, ಅದೂ ಸಿಗ್ತಿರಲಿಲ್ಲ.

ಆಗ ಮಿತಿ ಎಷ್ಟಿತ್ತು? ಪ್ರೋಕ್ ಫೈಲ್‌ಸಿಸ್ಟಮ್ಮಲ್ಲಿ ಆ ಪ್ರೋಸೆಸ್ಸಿನ ಲಿಮಿಟ್ಸ್ ಫೈಲ್ ನೋಡಿದ್ರೆ ಸಾಫ್ಟ್ ಲಿಮಿಟ್ (ಈಗ ಜಾರಿಯಲ್ಲಿರೋ ಮಿತಿ, ಇದನ್ನ ಪ್ರೋಗ್ರಾಮ್ ತಾನೇ ಹಾರ್ಡ್ ಲಿಮಿಟ್ಟಿನವರೆಗೆ ಏರಿಸ್ಕೋಬಹುದು) 1024. ಇದು ತುಂಬಾ ಹಳೇ ಸಂಖ್ಯೆ, ಇನ್ನೂ ಹಾಗೇ ಇರೋದಕ್ಕೆ ಕಾರಣ ಇಪೋಲಿನ ಥರದ್ದೇ ಕೆಲಸ ಮಾಡೋ ಹಳೇ ಸೆಲೆಕ್ಟ್ ಕಾಲು: ಲಿನಕ್ಸಿನ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಅದರ ಬಿಟ್‌ಮ್ಯಾಪ್ 1024ಕ್ಕೇ ನಿಗದಿ, ಅದಕ್ಕಿಂತ ದೊಡ್ಡ ನಂಬರಿನ ಡಿಸ್ಕ್ರಿಪ್ಟರ್ ಕೊಟ್ರೆ ಮೆಮರಿ ಹಾಳಾಗುತ್ತೆ. ಅದಕ್ಕೇ 2018ರಲ್ಲಿ ಬಂದ ಸಿಸ್ಟಮ್‌ಡಿ 240 ಹಾರ್ಡ್ ಲಿಮಿಟ್ಟನ್ನ 524288ಕ್ಕೆ ಏರಿಸಿದ್ರೂ ಸಾಫ್ಟ್ ಲಿಮಿಟ್ಟನ್ನ 1024ರಲ್ಲೇ ಬಿಡ್ತು. ಸೆಲೆಕ್ಟ್ ಬಳಸದ ಪ್ರೋಗ್ರಾಮ್ ತಾನೇ ಸೆಟ್‌ಆರ್‌ಲಿಮಿಟ್ ಕರೆದು ಏರಿಸ್ಕೋಬೇಕು ಅನ್ನೋದು ಅದರ ಲೆಕ್ಕ.

ಟೀಮ್ ಮಾಡಿದ ಮೊದಲ ಪರಿಹಾರ ಅದೇ, ಸರ್ವಿಸ್ ಫೈಲಲ್ಲಿ ಮಿತಿಯನ್ನ 65536 ಮಾಡಿದ್ರು. ಎಲ್ಲಾ ಶಾಂತವಾಯ್ತು. ಟಿಕೆಟ್ಟೂ ಮುಚ್ಚಿದ್ರು. ಎರಡು ದಿನ ತುಂಬೋ ಮೊದಲೇ ಮತ್ತೆ ಅದೇ ಕಥೆ, ಈ ಸಲ ಇನ್ನೂ ಕೆಟ್ಟದಾಗಿ, ಯಾಕಂದ್ರೆ ಯಾರೂ ಕಾಯ್ತಿರಲಿಲ್ಲ. ನನ್ನ ಪ್ರಕಾರ ಇಎಂಫೈಲ್ ಕಂಡ ತಕ್ಷಣ ಮಿತಿ ಏರಿಸೋದು ಎಷ್ಟೋ ಸಲ ಸರಿಯಾದ ಕೆಲಸಾನೇ, ನಿಜಕ್ಕೂ ಅಷ್ಟು ಜನ ಒಟ್ಟಿಗೆ ಬರ್ತಿದ್ರೆ ಏರಿಸಲೇಬೇಕು, ಆದ್ರೆ ಅದಕ್ಕೆ ಮೊದಲು ಆ ಡಿಸ್ಕ್ರಿಪ್ಟರ್‌ಗಳೆಲ್ಲಾ ಏನು ಅಂತ ಒಂದು ಸಲ ಪಟ್ಟಿ ತೆಗೆದು ನೋಡೋದು ಕಡ್ಡಾಯ. ಐದು ನಿಮಿಷದ ಕೆಲಸ.

ಪಟ್ಟಿ ತೆಗೆದಾಗ ಎಲ್ಲಾ ಸಾಕೆಟ್‌ಗಳೇ, ಮತ್ತೆ ಎಸ್‌ಎಸ್ ಕಮಾಂಡಲ್ಲಿ ಸ್ಥಿತಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲವೂ ಕ್ಲೋಸ್-ವೇಟ್. ಈ ಸ್ಥಿತಿಗೆ ಒಂದೇ ಅರ್ಥ ಇದೆ: ಆ ಕಡೆಯವರು ಫಿನ್ (ನನ್ನ ಕಡೆ ಮುಗೀತು ಅನ್ನೋ ಸೂಚನೆ) ಕಳಿಸಿ ಮುಗಿಸಿದ್ದಾರೆ, ಈ ಕಡೆ ನಮ್ಮ ಪ್ರೋಗ್ರಾಮ್ ಇನ್ನೂ ಕ್ಲೋಸ್ ಕರೆದಿಲ್ಲ. ಇದಕ್ಕೆ ಟೈಮರ್ ಇಲ್ಲ. ಮುಚ್ಚೋವಾಗ ಬರೋ ಬೇರೆ ಸ್ಥಿತಿಗಳಲ್ಲಿ ಟೈಮ್-ವೇಟ್ ತಾನೇ ಹೋಗುತ್ತೆ, ಆ ಕಡೆಯ ಫಿನ್-ವೇಟ್-2 ಕೂಡ ಲಿನಕ್ಸಲ್ಲಿ 60 ಸೆಕೆಂಡಿಗೆ ಮಾಯ ಆಗುತ್ತೆ, ಕ್ಲೋಸ್-ವೇಟ್ ಮಾತ್ರ ಪ್ರೋಗ್ರಾಮ್ ಬಿಡೋವರೆಗೂ ಅಲ್ಲೇ ಇರುತ್ತೆ. ನೆಟ್‌ವರ್ಕ್ ಸೆಟ್ಟಿಂಗ್ ತಿರುಗಿಸಿ ಇದನ್ನ ಸರಿಮಾಡೋಕೆ ಹೋಗೋರನ್ನ ನೋಡಿದೀನಿ, ದಯವಿಟ್ಟು ಆ ದಾರಿ ಹಿಡೀಬೇಡಿ, ಕೋಡಲ್ಲಿ ಕ್ಲೋಸ್ ಎಲ್ಲಿ ತಪ್ಪಿದೆ ಅಂತ ಹುಡುಕಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ಲೋಸ್-ವೇಟ್ ಪಟ್ಟಿಯಲ್ಲಿ ಕೆಲವಕ್ಕೆ ಪ್ರೋಸೆಸ್ ಹೆಸರೇ ಇರ್ಲಿಲ್ಲ. ಅವು ಇನ್ನೂ ಆಕ್ಸೆಪ್ಟೇ ಆಗದವು, ಕ್ಯೂನಲ್ಲಿ ಕೂತಿರೋವಾಗಲೇ ಆ ಕಡೆಯವರು ಬೇಸತ್ತು ಮುಚ್ಚಿ ಹೋಗಿದ್ದಾರೆ, ಆದ್ರೂ ಕ್ಯೂನಲ್ಲಿ ಅವರ ಜಾಗ ಹಾಗೇ ಇದೆ. ಹೆಸರಿರೋದು ಸೋರಿಕೆ, ಹೆಸರಿಲ್ಲದ್ದು ಸೋರಿಕೆಯ ಪರಿಣಾಮ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ್ರೆ ದಾರಿ ತಪ್ಪುತ್ತೆ.

ಸೋರ್ತಿರೋದು ಯಾರ ಕನೆಕ್ಷನ್ನು ಅಂತ ಆ ಕಡೆಯ ಐಪಿ ನೋಡಿದ್ರೆ ಎರಡೇ ಐಪಿ, ಎರಡೂ ಲೋಡ್ ಬ್ಯಾಲೆನ್ಸರ್. ಇದ್ರಿಂದ ಏನೂ ಗೊತ್ತಾಗಲ್ಲ, ಎಲ್ಲಾ ಟ್ರಾಫಿಕ್ಕೂ ಅಲ್ಲಿಂದಲೇ ಬರೋದು. ಆದ್ರೆ ಅವಧಿಯ ಲೆಕ್ಕಕ್ಕೆ ವಾಪಸ್ ಬನ್ನಿ. ಎರಡು ಬ್ಯಾಲೆನ್ಸರೂ ತಲಾ 5 ಸೆಕೆಂಡಿಗೊಂದು ಹೆಲ್ತ್ ಚೆಕ್ (ಸರ್ವರ್ ಬದುಕಿದೆಯಾ ಅನ್ನೋ ಪರೀಕ್ಷೆ) ಮಾಡ್ತವೆ, ನಿಮಿಷಕ್ಕೆ 24. ಸರ್ವರ್ ತನ್ನ ಸ್ವಂತ ಕೆಲಸಕ್ಕೆ, ಲಾಗು ಇಪೋಲು ಬ್ಯಾಕೆಂಡು ಎಲ್ಲಾ ಸೇರಿ, 40ರಷ್ಟು ಡಿಸ್ಕ್ರಿಪ್ಟರ್ ಇಟ್ಕೊಂಡಿತ್ತು. 1024ರಲ್ಲಿ 40 ಕಳೆದ್ರೆ 984, ಅದನ್ನ 24ರಿಂದ ಭಾಗಿಸಿದ್ರೆ ಸರಿಯಾಗಿ 41 ನಿಮಿಷ. ಹಗಲಲ್ಲಿ ನಿಜವಾದ ಕ್ಲೈಂಟ್‌ಗಳು ನೂರರಷ್ಟು ಡಿಸ್ಕ್ರಿಪ್ಟರ್ ಹಿಡ್ಕೊಂಡಿರ್ತಾರೆ, ಅದನ್ನೂ ಕಳೆದ್ರೆ 36 ಮುಕ್ಕಾಲು. 65536ಕ್ಕೆ ಅದೇ ಲೆಕ್ಕ ಹಾಕಿದ್ರೆ 45 ಗಂಟೆ ಮೇಲೆ ಸ್ವಲ್ಪ, ಅಂದ್ರೆ ಎರಡು ದಿನಕ್ಕೆ ತುಸು ಕಮ್ಮಿ. ಮೂರೂ ಕಡೆ ಲೆಕ್ಕ ಕೂತಾಗ ಅನುಮಾನಕ್ಕೆ ಜಾಗ ಉಳೀಲಿಲ್ಲ: ಒಂದೊಂದು ಹೆಲ್ತ್ ಚೆಕ್ಕೂ ಒಂದೊಂದು ಡಿಸ್ಕ್ರಿಪ್ಟರ್ ನುಂಗ್ತಿದೆ.

ಈ ಹೆಲ್ತ್ ಚೆಕ್ ಬರೀ ಟಿಸಿಪಿ ಮಟ್ಟದ್ದು. ಕನೆಕ್ಟ್ ಆಗುತ್ತೆ, ಒಂದು ಬೈಟೂ ಕಳಿಸದೆ ಮುಚ್ಚುತ್ತೆ. ಇದನ್ನ ಟೆಸ್ಟ್ ಮೆಷೀನಲ್ಲಿ ನೆಟ್‌ಕ್ಯಾಟ್ ಇಟ್ಕೊಂಡು ಮಾಡಿ ನೋಡೋದು ಸುಲಭ, ಸುಮ್ನೆ ಕನೆಕ್ಟ್ ಮಾಡಿ ಬಿಡೋ ಆಪ್ಷನ್ ಅದಕ್ಕಿದೆ. ಸ್ಟ್ರೇಸಲ್ಲಿ ಆಕ್ಸೆಪ್ಟ್4, ರೀಡ್, ಇಪೋಲ್ ಕಂಟ್ರೋಲ್, ಕ್ಲೋಸ್ ನಾಲ್ಕನ್ನೇ ಹಿಡಿದು ನೋಡಿದ್ರೆ ಮೊದಲು ಕಣ್ಣಿಗೆ ಬೀಳೋದು ಆಕ್ಸೆಪ್ಟ್ ವಾಪಸ್ ಕೊಡೋ ನಂಬರು. ಯುನಿಕ್ಸ್ ಥರದ ಸಿಸ್ಟಮ್‌ಗಳ ಪೋಸಿಕ್ಸ್ ನಿಯಮದ ಪ್ರಕಾರ ಯಾವಾಗಲೂ ಖಾಲಿ ಇರೋ ಅತಿ ಚಿಕ್ಕ ನಂಬರ್ ಕೊಡಬೇಕು, ಹಾಗಾಗಿ ಆರೋಗ್ಯವಾಗಿರೋ ಸರ್ವರಲ್ಲಿ ಅವೇ ನಂಬರ್‌ಗಳು ಮತ್ತೆ ಮತ್ತೆ ಬರ್ತವೆ. ಇಲ್ಲಿ 41, 42, 43 ಅಂತ ಏರ್ತಾನೇ ಹೋಗ್ತಿತ್ತು, ಒಂದೂ ವಾಪಸ್ ಬರ್ಲಿಲ್ಲ. ಪ್ರತಿಯೊಂದರದೂ ಒಂದೇ ಕಥೆ: ಆಕ್ಸೆಪ್ಟ್ ಆಯ್ತು, ಇಪೋಲಿಗೆ ಸೇರಿಸಿದ್ರು, ರೀಡ್ 0 ಕೊಡ್ತು (ಆ ಕಡೆಯವರು ಮುಚ್ಚಿದ್ದಾರೆ ಅಂತ), ಇಪೋಲಿಂದ ತೆಗೆದ್ರು. ಕ್ಲೋಸ್ ಇಲ್ಲ.

ಹೊಸ ವರ್ಷನ್ನಲ್ಲಿ "ರಿಕ್ವೆಸ್ಟ್ ಒಂದೂ ಬೈಟ್ ಬಂದಿಲ್ಲ, ಹೊರಟುಹೋದ್ರು" ಅನ್ನೋದಕ್ಕೆ ಬೇರೆ ದಾರಿ ಮಾಡಿದ್ರು, ಅಂಥದ್ದನ್ನ ಎರರ್ ಅಂತ ಎಣಿಸಬಾರ್ದು ಅಂತ. ಉದ್ದೇಶ ಸರಿಯಾಗೇ ಇತ್ತು. ಆ ದಾರಿಯಲ್ಲಿ ಇಪೋಲಿಂದ ತೆಗೆದು, ಕನೆಕ್ಷನ್ನಿನ ಸ್ಟ್ರಕ್ಟ್ (ಮೆಮರಿಲಿ ಅದರ ವಿವರ ಇಟ್ಟ ಜಾಗ) ಫ್ರೀ ಮಾಡಿ ವಾಪಸ್ ಬರ್ತಿದ್ರು. ಮೆಮರಿ ಸೋರ್ತಿರಲಿಲ್ಲ, ಹಾಗಾಗಿ ಮೆಮರಿ ಚೆಕ್ ಮಾಡೋ ಟೂಲ್ ಏನೂ ಹೇಳ್ಲಿಲ್ಲ. ಟೆಸ್ಟ್‌ಗಳಲ್ಲಿ ಅರ್ಧ ರಿಕ್ವೆಸ್ಟ್ ಕಳಿಸೋದಿತ್ತು, ತಪ್ಪು ಹೆಡರ್ ಕಳಿಸೋದಿತ್ತು, ಬಂದು ಮಾತಾಡದೆ ಹೋಗೋ ಕ್ಲೈಂಟ್ ಮಾತ್ರ ಇರ್ಲಿಲ್ಲ.

ಇದರ ಮಧ್ಯೆ ಇನ್ನೊಂದು ಸಂಶಯಾನೂ ಬಂದಿತ್ತು, ಅದನ್ನ ತಳ್ಳಿಹಾಕಿದ್ದು ಹೇಗೆ ಅಂತ ಹೇಳ್ಬಿಡ್ತೀನಿ. ಈ ಸರ್ವರ್ ಆಗಾಗ ಒಂದು ಸಹಾಯಕ ಪ್ರೋಗ್ರಾಮನ್ನ ಫೋರ್ಕ್ ಮಾಡಿ (ತನ್ನ ನಕಲು ಪ್ರೋಸೆಸ್ ಹುಟ್ಟಿಸಿ) ಓಡಿಸುತ್ತೆ. ಡಿಸ್ಕ್ರಿಪ್ಟರ್ ಮೇಲೆ ಕ್ಲೋಸ್-ಆನ್-ಎಕ್ಸೆಕ್ (ಬೇರೆ ಪ್ರೋಗ್ರಾಮ್ ಓಡಿಸೋವಾಗ ತಾನೇ ಮುಚ್ಚಿಕೋ) ಗುರುತು ಇಲ್ಲದಿದ್ರೆ ಆ ಮಗು ಪ್ರೋಸೆಸ್ಸೂ ಸಾಕೆಟ್ಟಿನ ಒಂದು ಪ್ರತಿ ಹಿಡ್ಕೊಳ್ಳುತ್ತೆ, ಆಗ ಇಲ್ಲಿ ಕ್ಲೋಸ್ ಮಾಡಿದ್ರೂ ಫಿನ್ ಹೋಗಲ್ಲ. ಆಕ್ಸೆಪ್ಟ್ ಮಾಡಿ ಆಮೇಲೆ ಎಫ್‌ಸಿಎನ್‌ಟಿಎಲ್ ಕರೆದು ಗುರುತು ಹಾಕೋದಾದ್ರೆ ಎರಡರ ನಡುವೆ ಬೇರೆ ಥ್ರೆಡ್ ಫೋರ್ಕ್ ಮಾಡಿಬಿಡಬಹುದು, ಅದಕ್ಕೇ ಲಿನಕ್ಸ್ 2.6.28ರಲ್ಲಿ ಆಕ್ಸೆಪ್ಟ್4 ತಂದಿದ್ದು, ನಾನ್-ಬ್ಲಾಕಿಂಗ್ (ಕಾಯಿಸದೆ ತಕ್ಷಣ ವಾಪಸ್ ಬರೋ ಗುಣ) ಮತ್ತು ಕ್ಲೋಸ್-ಆನ್-ಎಕ್ಸೆಕ್ ಎರಡೂ ಒಂದೇ ಕಾಲಲ್ಲಿ ಆಗಿಹೋಗುತ್ತೆ. ಸ್ಟ್ರೇಸಲ್ಲಿ ಎರಡೂ ಫ್ಲ್ಯಾಗ್ ಕಾಣಿಸ್ತಿತ್ತು, ಹಾಗಾಗಿ ಆ ದಾರಿ ಅಲ್ಲ. ಬಿಎಸ್‌ಡಿ ಕಡೆಯಿಂದ ಬರೋರು ಗಮನಿಸಿ, ಅಲ್ಲಿ ಹೊಸ ಸಾಕೆಟ್ ಲಿಸನಿಂಗ್ ಸಾಕೆಟ್ಟಿನ ನಾನ್-ಬ್ಲಾಕಿಂಗ್ ಗುಣ ಪಡ್ಕೊಳ್ಳುತ್ತೆ, ಲಿನಕ್ಸಲ್ಲಿ ಇಲ್ಲ, ಪ್ರತಿ ಸಲ ಕೇಳಿ ಹಾಕಿಸ್ಕೋಬೇಕು.

ಈಗ ನನಗೆ ಬಹಳ ಮುಖ್ಯ ಅನ್ಸೋ ಭಾಗ. ಸರ್ವರ್ ಒಬ್ಬರಿಗೂ ಉತ್ತರ ಕೊಡ್ತಿಲ್ಲ, ಆದ್ರೆ ಲೋಡ್ ಬ್ಯಾಲೆನ್ಸರ್ ಹಸಿರು ತೋರಿಸ್ತಿದೆ. ಯಾಕೆ? ಹೆಲ್ತ್ ಚೆಕ್ ಕೇಳೋದು "ಕನೆಕ್ಟ್ ಆಗುತ್ತಾ" ಅಂತ, ಅದಕ್ಕೆ ಉತ್ತರ ಕೊಡೋದು ಕರ್ನಲ್. ಮನೆಯವರೆಲ್ಲಾ ಮಲಗಿದ್ರೂ ಬಾಗಿಲಲ್ಲಿರೋ ಆಳು ಬಂದೋರನ್ನೆಲ್ಲಾ ಜಗುಲಿ ಮೇಲೆ ಕೂರಿಸ್ತಾ ಇದ್ದ ಹಾಗೆ. ಜಗುಲಿ ತುಂಬೋವರೆಗೂ ಹೊರಗಿನವರಿಗೆ ಏನೂ ಗೊತ್ತಾಗಲ್ಲ.

ಜಗುಲಿ ಎಷ್ಟು ದೊಡ್ಡದು ಅನ್ನೋದು ಲಿಸನ್ ಕಾಲಿನ ಬ್ಯಾಕ್‌ಲಾಗ್. 1983ರ 4.2ಬಿಎಸ್‌ಡಿಯಿಂದ ಬಂದ ಆರ್ಗ್ಯುಮೆಂಟ್ ಇದು, ಆಗ 5ರ ಮೇಲೆ ಬೆಳೀತಾನೇ ಇರ್ಲಿಲ್ಲ. ಲಿನಕ್ಸ್ 2.2ರಿಂದ ಇದರ ಅರ್ಥ ಹ್ಯಾಂಡ್‌ಶೇಕ್ ಮುಗಿದು ಆಕ್ಸೆಪ್ಟಿಗೆ ಕಾಯ್ತಿರೋ ಕನೆಕ್ಷನ್‌ಗಳ ಕ್ಯೂ ಅಂತ ಬದಲಾಯ್ತು. ಕೋಡಲ್ಲಿ 1024 ಅಂತ ಬರೆದಿದ್ರು. ಆದ್ರೆ ಎಸ್‌ಎಸ್ ಕಮಾಂಡಲ್ಲಿ ಲಿಸನಿಂಗ್ ಸಾಕೆಟ್ ನೋಡಿದ್ರೆ ಸೆಂಡ್-ಕ್ಯೂ ಕಾಲಮ್ಮಲ್ಲಿ 128 ಇತ್ತು. ಲಿಸನಿಂಗ್ ಸಾಕೆಟ್ಟಿಗೆ ಆ ಕಾಲಮ್‌ಗಳ ಅರ್ಥಾನೇ ಬೇರೆ: ಸೆಂಡ್-ಕ್ಯೂ ಅಂದ್ರೆ ಕ್ಯೂನ ಮಿತಿ, ರಿಸೀವ್-ಕ್ಯೂ ಅಂದ್ರೆ ಈಗ ಎಷ್ಟು ಜನ ಕಾಯ್ತಿದ್ದಾರೆ ಅಂತ. ನಾವು ಏನೇ ಕೇಳಿದ್ರೂ ಸೊಮ್ಯಾಕ್ಸ್‌ಕಾನ್ ಅನ್ನೋ ಕರ್ನಲ್ ಸೆಟ್ಟಿಂಗಿಗಿಂತ ಹೆಚ್ಚು ಸಿಗಲ್ಲ, ಎರರೂ ಕೊಡಲ್ಲ, ಸುಮ್ನೆ ಕತ್ತರಿಸುತ್ತೆ. 2019ರ ಲಿನಕ್ಸ್ 5.4ರಲ್ಲಿ ಅದರ ಡಿಫಾಲ್ಟ್ 4096 ಆಯ್ತು, ಅದಕ್ಕೆ ಮೊದಲು 128, ಇಲ್ಲಿದ್ದದ್ದು ಹಳೇ ಕರ್ನಲ್. ರಿಸೀವ್-ಕ್ಯೂನಲ್ಲಿ 129 ಇತ್ತು, ಒಂದು ಜಾಸ್ತಿ, ಯಾಕಂದ್ರೆ ಕರ್ನಲ್ ಒಳಗಿನ ಹೋಲಿಕೆ ಮಿತಿಯನ್ನ ದಾಟಿದೆಯಾ ಅಂತ ನೋಡುತ್ತೆ, ಮುಟ್ಟಿದೆಯಾ ಅಂತ ಅಲ್ಲ.

ಕ್ಯೂ ತುಂಬಿದ ಮೇಲೆ ಲಿನಕ್ಸ್ ಹೊಸ ಸಿನ್‌ಗಳನ್ನ ಸದ್ದಿಲ್ಲದೆ ಬೀಳಿಸುತ್ತೆ. ಡಿಫಾಲ್ಟಾಗಿ ಆರ್‌ಎಸ್‌ಟಿ (ಕನೆಕ್ಷನ್ ನಿರಾಕರಣೆ) ಕಳ್ಸಲ್ಲ. ಕ್ಲೈಂಟ್ 1 ಸೆಕೆಂಡ್ ಕಾದು ಮತ್ತೆ ಕಳ್ಸುತ್ತೆ, ಆಮೇಲೆ 2, 4, 8 ಅಂತ ಇಮ್ಮಡಿ ಮಾಡ್ತಾ ಹೋಗುತ್ತೆ, 6.5ಕ್ಕಿಂತ ಹಳೇ ಲಿನಕ್ಸ್ ಕ್ಲೈಂಟ್ ಆದ್ರೆ ಡಿಫಾಲ್ಟ್ 6 ಮರುಪ್ರಯತ್ನ ಮುಗಿಯೋಕೆ 127 ಸೆಕೆಂಡು. ಹಾಗಾಗಿ ದೂರುಗಳು ಎರಡು ಥರ ಬಂದಿದ್ವು, ಅದೂ ಒಂದು ಕ್ರಮದಲ್ಲಿ. ಮೊದಲು ಬಂದವರಿಗೆ ಕನೆಕ್ಟೂ ಆಯ್ತು, ರಿಕ್ವೆಸ್ಟ್ ಕಳಿಸಿದ್ದೂ ಆಯ್ತು, ರೀಡ್ ಟೈಮ್‌ಔಟ್. ಆಮೇಲೆ ಬಂದವರಿಗೆ ಕನೆಕ್ಟ್ ಟೈಮ್‌ಔಟ್. ಇವು ಎರಡು ಬೇರೆ ಬೇರೆ ಸಮಸ್ಯೆ ಅಂದ್ಕೊಂಡು ಬೇರೆ ಬೇರೆ ಜನ ನೋಡ್ತಿದ್ರು. ಒಂದೇ ಕ್ಯೂ ತುಂಬೋ ಮೊದಲು ಮತ್ತು ತುಂಬಿದ ಮೇಲೆ, ಅಷ್ಟೇ.

ಬ್ಯಾಲೆನ್ಸರ್ ಕೆಂಪಾಗೋದೂ ಆವಾಗಲೇ. ಆದ್ರೆ ಒಳಗೆ ಕೆಲಸ ನಡೀತಿದ್ದ ಹಳೇ ಕ್ಲೈಂಟ್ ಒಬ್ಬ ಮುಗಿಸಿ ಹೋದ್ರೆ ಒಂದು ಡಿಸ್ಕ್ರಿಪ್ಟರ್ ಬಿಡುಗಡೆ, ಆಕ್ಸೆಪ್ಟ್ ಒಂದನ್ನ ತಗೊಳ್ಳುತ್ತೆ, ಕ್ಯೂನಲ್ಲಿ ಒಂದು ಜಾಗ, ಹೆಲ್ತ್ ಚೆಕ್ ಪಾಸ್, ಮತ್ತೆ ಹಸಿರು, ಮತ್ತೆ ಕ್ಲೈಂಟ್‌ಗಳನ್ನ ಇಲ್ಲಿಗೇ ಕಳಿಸ್ತು. ಹೀಗೆ ಮಿನುಗ್ತಾ ಇದ್ದದ್ದನ್ನ ನೋಡಿ ನೆಟ್‌ವರ್ಕ್ ಕೇಬಲ್ ಮೇಲೂ ಸಂಶಯ ಪಟ್ಟಿದ್ದಾಯ್ತು. ಕರ್ನಲ್ ಅಂತೂ ಎಲ್ಲಾ ಎಣಿಸಿಟ್ಟಿತ್ತು, ಎನ್‌ಸ್ಟ್ಯಾಟ್‌ನಲ್ಲಿ ಲಿಸನ್ ಓವರ್‌ಫ್ಲೋಸ್, ಲಿಸನ್ ಡ್ರಾಪ್ಸ್ ಅಂತ ಎರಡು ಕೌಂಟರ್ ಏರ್ತಾನೇ ಇದ್ವು.

ಸರಿಪಡಿಸಿದ್ದು ಹೀಗೆ. ಮೊದಲನೇದು ಕ್ಲೋಸ್. ಆ ಒಂದು ದಾರಿಗೆ ಒಂದು ಸಾಲು ಸೇರಿಸಿ ಬಿಡಬಹುದಿತ್ತು, ಆದ್ರೆ ಟೀಮ್ ಕನೆಕ್ಷನ್ ಮುಗಿಸೋ ಒಂದೇ ಫಂಕ್ಷನ್ ಮಾಡಿ ಎಲ್ಲಾ ದಾರಿಗಳನ್ನೂ ಅಲ್ಲಿಗೇ ತಂದ್ರು, ಸ್ಟ್ರಕ್ಟ್ ಫ್ರೀ ಮಾಡೋದೂ ಡಿಸ್ಕ್ರಿಪ್ಟರ್ ಮುಚ್ಚೋದೂ ಒಟ್ಟಿಗೇ ಇರ್ಲಿ ಅಂತ. ಕ್ಲೋಸ್ ಮಾಡಿದ್ರೆ ಇಪೋಲಿಂದ ತಾನೇ ಬಿಟ್ಟುಹೋಗುತ್ತೆ, ಅದರ ಬೇರೆ ಪ್ರತಿ ಎಲ್ಲೂ ಇಲ್ಲದಿದ್ರೆ, ಆದ್ರಿಂದ ಆ ಕೋಡು ಮೊದಲಿಗಿಂತ ಚಿಕ್ಕದೇ ಆಯ್ತು.

ಎರಡನೇದು ಇಎಂಫೈಲ್ ಬಂದಾಗ ಏನು ಮಾಡ್ಬೇಕು ಅನ್ನೋದು. ಸೋರಿಕೆ ಇಲ್ಲದಿದ್ರೂ ಒಂದಲ್ಲ ಒಂದು ದಿನ ಮಿತಿ ಮುಟ್ಟಬಹುದು. ಹಲವು ದಾರಿ ಇವೆ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಸ್ವಲ್ಪ ಹೊತ್ತು ಆಕ್ಸೆಪ್ಟ್ ಈವೆಂಟ್ ನೋಡೋದನ್ನೇ ನಿಲ್ಲಿಸುತ್ತೆ. ಗೋ ಭಾಷೆಯ ಎಚ್‌ಟಿಟಿಪಿ ಸರ್ವರ್ 5 ಮಿಲಿಸೆಕೆಂಡಿಂದ ಶುರುಮಾಡಿ ಇಮ್ಮಡಿ ಮಾಡ್ತಾ 1 ಸೆಕೆಂಡಿನವರೆಗೆ ಕಾದು ಮತ್ತೆ ಪ್ರಯತ್ನಿಸುತ್ತೆ. ಲಿಬ್‌ಯುವಿ ಲೈಬ್ರರಿ ಮಾಡೋದು ಇನ್ನೊಂದು ಉಪಾಯ: ಮೊದಲೇ ಒಂದು ಡಿಸ್ಕ್ರಿಪ್ಟರ್ ಸುಮ್ನೆ ತೆಗೆದಿಟ್ಟಿರೋದು, ಇಎಂಫೈಲ್ ಬಂದ್ರೆ ಅದನ್ನ ಮುಚ್ಚಿ, ಆ ಜಾಗದಲ್ಲಿ ಕಾಯ್ತಿರೋರನ್ನ ಆಕ್ಸೆಪ್ಟ್ ಮಾಡಿ ತಕ್ಷಣ ಕ್ಲೋಸ್ ಮಾಡಿ, ಆಮೇಲೆ ಮೀಸಲು ಮತ್ತೆ ತೆಗೆದಿಡೋದು. ಇಲ್ಲಿ ಟೀಮ್ ಈ ಮೂರನೇದನ್ನ ಆಯ್ಕೆ ಮಾಡ್ತು, ನನಗೂ ಅದೇ ಸರಿ ಅನ್ಸುತ್ತೆ, ಯಾಕಂದ್ರೆ ಕ್ಲೈಂಟಿಗೆ ತಕ್ಷಣ "ಆಗಲ್ಲ" ಅಂತ ಗೊತ್ತಾಗುತ್ತೆ, ಬ್ಯಾಲೆನ್ಸರ್ ಬೇರೆ ಕಡೆ ಕಳಿಸಬಹುದು, ಎರಡು ನಿಮಿಷ ಸುಮ್ನೆ ಕೂರಿಸೋದಕ್ಕಿಂತ ಅದು ಮರ್ಯಾದೆಯ ಕೆಲಸ. ಹಲವು ಥ್ರೆಡ್ ಇರೋ ಪ್ರೋಗ್ರಾಮಲ್ಲಿ ಮಾತ್ರ ಎಚ್ಚರ, ಮೀಸಲು ಮುಚ್ಚಿದ ಮರುಕ್ಷಣ ಬೇರೆ ಥ್ರೆಡ್ ಆ ಜಾಗ ಹೊಡ್ಕೊಂಡು ಹೋಗಬಹುದು. ಲಾಗ್ ಸಾಲನ್ನೂ ಸೆಕೆಂಡಿಗೆ ಒಂದಕ್ಕೆ ಇಳಿಸಿದ್ರು. ಜೊತೆಗೆ ಕನೆಕ್ಷನ್ ಅಬಾರ್ಟೆಡ್ ಥರದ ಎರರ್‌ಗಳನ್ನ ಬೇರೆ ಮಾಡಿದ್ರು, ಲಿನಕ್ಸಲ್ಲಿ ಹೊಸ ಸಾಕೆಟ್ ಮೇಲೆ ಆಗಲೇ ಬಂದಿರೋ ನೆಟ್‌ವರ್ಕ್ ಎರರ್‌ಗಳೂ ಆಕ್ಸೆಪ್ಟ್ ಮೂಲಕ ಬರ್ತವೆ, ಅವು ಬಂದ್ರೆ ಇಎಗೇನ್ ಥರಾನೇ ನೋಡಿ ಮುಂದಿನದಕ್ಕೆ ಹೋಗಬೇಕು.

ಮೂರನೇದು ಹೆಲ್ತ್ ಚೆಕ್ ಎಚ್‌ಟಿಟಿಪಿ ಆಯ್ತು, ನಿಜವಾದ ರಿಕ್ವೆಸ್ಟ್, 200 (ಎಲ್ಲಾ ಸರಿ ಅನ್ನೋ ಉತ್ತರದ ಕೋಡ್) ಬರ್ಲೇಬೇಕು, ಬರದಿದ್ರೆ ಕೆಂಪು. ಈಗ ಉತ್ತರ ಕೊಡೋದು ಪ್ರೋಸೆಸ್ಸೇ, ಕರ್ನಲ್ ಅಲ್ಲ.

ಬ್ಯಾಕ್‌ಲಾಗ್ ಏರಿಸ್ಬೇಕಾ ಅಂತ ಚರ್ಚೆ ಆಯ್ತು, 4096 ಮಾಡ್ಬಿಡೋಣ ಅಂದೋರೂ ಇದ್ರು. ಏರಿಸಿದ್ದು 128ರಿಂದ 512ಕ್ಕೆ ಮಾತ್ರ. ಸೆಕೆಂಡಿಗೆ 100 ಕನೆಕ್ಷನ್ ನಿಭಾಯಿಸೋ ಸರ್ವರಿಗೆ 4096ರ ಕ್ಯೂ ತುಂಬಿದ್ರೆ ಕೊನೆಯವನ ಸರದಿ ಬರೋಕೆ 40 ಸೆಕೆಂಡು, ಅಷ್ಟರಲ್ಲಿ ಅವನು ಹೊರಟುಹೋಗಿರ್ತಾನೆ, ಸರ್ವರ್ ಇಲ್ಲದವರಿಗೆ ಉತ್ತರ ತಯಾರಿಸ್ತಾ ಇರುತ್ತೆ. ಕ್ಷಣಿಕ ನೂಕುನುಗ್ಗಲು ತಡೆಯೋಷ್ಟಿದ್ರೆ ಸಾಕು.

ಉಳಿದದ್ದು ಕಣ್ಗಾವಲು. ಪ್ರೋಸೆಸ್ಸಿನ ಎಫ್‌ಡಿ ಡೈರೆಕ್ಟರಿಯಲ್ಲಿ ಎಷ್ಟು ಎಂಟ್ರಿ ಇವೆ, ಮಿತಿಯ ಮುಕ್ಕಾಲು ದಾಟಿದ್ರೆ ಅಲಾರ್ಮ್. ಲಿಸನಿಂಗ್ ಸಾಕೆಟ್ಟಿನ ರಿಸೀವ್-ಕ್ಯೂ ಒಂದು ನಿಮಿಷ ಸೊನ್ನೆಗೆ ಇಳಿಯದಿದ್ರೆ ಅಲಾರ್ಮ್. ಲಿಸನ್ ಓವರ್‌ಫ್ಲೋಸ್ ಒಂದು ಏರಿದ್ರೂ ಗ್ರಾಫಲ್ಲಿ ಕಾಣಬೇಕು. ಟೆಸ್ಟ್‌ಗಳಿಗೂ ಒಂದು ಸೇರ್ತು: ಸಾಫ್ಟ್ ಲಿಮಿಟ್ 64ಕ್ಕೆ ಇಳಿಸಿ ಸರ್ವರ್ ಎಬ್ಬಿಸೋದು, ಇನ್ನೂರು ಸಲ ಬಂದು ಮಾತಾಡದೆ ಹೋಗೋದು, ಆಮೇಲೆ ಒಂದು ಸರಿಯಾದ ರಿಕ್ವೆಸ್ಟ್ ಕಳಿಸಿ ಉತ್ತರ ಬರುತ್ತಾ ನೋಡೋದು. ಹಳೇ ಕೋಡಿನ ಮೇಲೆ ಇದನ್ನ ಓಡಿಸಿದ್ರೆ ಆ ಕೊನೇ ರಿಕ್ವೆಸ್ಟ್ ಕನೆಕ್ಟ್ ಆಗಿಯೂ ಉತ್ತರ ಇಲ್ಲದೆ ಟೈಮ್‌ಔಟ್ ಆಗುತ್ತೆ, ಹೊಸದರ ಮೇಲೆ 200 ಬರುತ್ತೆ.